ಮಂಡಿನೋವು ಕಲಿಸಿದ ಸೈಕಲ್

ನನ್ನ ಮಂಡಿ ಕೈಕೊಟ್ಟದ್ದು ಒಬ್ಬ ಮದುಮಗಳ ಪಾದದ ಬಳಿ. ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯನ್ನೇ ನಾನು ಬ್ಯೂಟಿ ಪಾರ್ಲರ್ ಮಾಡಿಕೊಂಡಿದ್ದೇನೆ. ಮದುವೆಗಳ ಕಾಲ, ಕೈತುಂಬ ಕೆಲಸ. ಆ ಹುಡುಗಿಯ ಎರಡೂ ಕೈಗೆ ಮೊಣಕೈವರೆಗೆ ಹಸಿ ಮೆಹಂದಿ ಹಚ್ಚಿಯಾಗಿತ್ತು. ನಾನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಅವಳ ಪಾದಗಳನ್ನು ನೊರೆನೀರಿನ ಟಬ್ಬಿನಲ್ಲಿಟ್ಟು ತಿಕ್ಕಿ ತೊಳೆದು, ಒರೆಸಿ, ಉಗುರಿಗೆ ಬಣ್ಣ ಹಚ್ಚಿ ಮುಗಿಸಿದೆ. ಇನ್ನು ಏಳಬೇಕು. ಏಳಲಾಗಲಿಲ್ಲ.

"ಮುಗೀತಾ ಆಂಟಿ?" ಎಂದಳು ಹುಡುಗಿ.

"ಮುಗೀತಮ್ಮ."

"ಮತ್ತೆ ಯಾಕೆ ಇನ್ನೂ ಕೂತಿದ್ದೀರಾ?"

"ಏಳೋಕೆ ಆಗ್ತಿಲ್ಲ ಕಣಮ್ಮ."

ಪಾಪ, ಅವಳಿಗೆ ತನ್ನ ಮೆಹಂದಿ ಮರೆತೇ ಹೋಯಿತು. ಬಗ್ಗಿ ನನ್ನ ಎರಡೂ ತೋಳು ಹಿಡಿದು ಎಳೆದಳು. ನಾನು ಅರ್ಧ ಎದ್ದೆ. ಬಲಮಂಡಿಯೊಳಗೆ ಯಾರೋ ಕಟಕ್ಕನೆ ಬಾಗಿಲು ಹಾಕಿದಂತಾಯಿತು. ಹಿಂದಕ್ಕೆ ವಾಲಿ ಸೀದಾ ಟಬ್ಬಿನೊಳಗೆ ಕೂತುಬಿಟ್ಟೆ. ನೊರೆ ಚಿಮ್ಮಿ ಕನ್ನಡಿಗೆಲ್ಲ ಹಾರಿತು. ಆಮೇಲೆ ಆ ಹುಡುಗಿಗೆ ನಗು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ. ನಗುತ್ತಲೇ ಅವಳಿಗೆ ಇನ್ನೊಮ್ಮೆ ಮೆಹಂದಿ ಹಚ್ಚಿದೆ. ನನ್ನ ತೋಳಿನ ಮೇಲಿದ್ದ ಅವಳ ಕೈಯಚ್ಚು ಮಾತ್ರ ಮದುವೆ ಮುಗಿದು ಎಷ್ಟೋ ದಿನದವರೆಗೆ ಕೆಂಪಗೆ ಉಳಿದಿತ್ತು.

ನೋವೇನೂ ಅಂದು ಹುಟ್ಟಿದ್ದಲ್ಲ. ವರ್ಷಗಟ್ಟಲೆ ನಿಂತು, ಬಗ್ಗಿ, ದಾರ ಹಲ್ಲಲ್ಲಿ ಕಚ್ಚಿಕೊಂಡು ಊರ ಹೆಂಗಸರ ಹುಬ್ಬು ತಿದ್ದಿದವಳು ನಾನು. ಹೆಬ್ಬೆರಳ ಬುಡದಲ್ಲಿ ನೋವಿತ್ತು, ಬೆಳಗ್ಗೆ ಎದ್ದಾಗ ಮಂಡಿ ಬಿಗಿದುಕೊಂಡಿರುತ್ತಿತ್ತು. ಕಾಫಿ ಕುಡಿದ ಮೇಲೆ ಸಡಿಲವಾಗುತ್ತದೆ ಎಂದು ಕಾಫಿಗೇ ಆ ಹೆಗ್ಗಳಿಕೆ ಕೊಟ್ಟಿದ್ದೆ. ಟಬ್ಬಿನ ಸುದ್ದಿ ಬೀದಿಗೆ ಬಿದ್ದದ್ದೇ ತಡ, ಬಂದ ಗಿರಾಕಿಗಳೆಲ್ಲ ವೈದ್ಯರಾದರು. ಒಬ್ಬರು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ ಎಂದರು. ಇನ್ನೊಬ್ಬರು ಹರಳೆಣ್ಣೆ ಎಂದರು. ಮತ್ತೊಬ್ಬರು ಫೋನಿನಲ್ಲಿ ನೋಡಿದ್ದು ಎಂದು ಎಲೆಕೋಸಿನ ಎಲೆ ಸುತ್ತಲು ಹೇಳಿದರು. ಅದನ್ನೂ ಸುತ್ತಿಕೊಂಡು ಸೋಫಾದ ಮೇಲೆ ಕಾಲು ಚಾಚಿದ್ದೆ. ನಮ್ಮನೆಯವರು ಅಂಗಡಿಯಿಂದ ಬಂದವರು ನನ್ನ ಕಾಲನ್ನೇ ನೋಡಿದರು.

"ಇವತ್ತು ಕೋಸಿನ ಪಲ್ಯ ಅಂತ ಹೇಳಿದ್ಯಲ್ಲ," ಎಂದರು, "ಒಗ್ಗರಣೆ ಯಾವಾಗ?"

ಮರುದಿನ ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಎಕ್ಸ್‌ರೇ ನೋಡಿ, ಸವೆತ ಎಂದರು. ಕೀಲಿನ ಮೆತ್ತೆ ಸವೆದಿದೆ, ಅದನ್ನು ಮೊದಲಿನಂತೆ ಮಾಡುವ ಮಾತ್ರೆ ಇಲ್ಲ. ಆದರೆ ಮಂಡಿಯ ಮೇಲಿನ ಭಾರ ಇಳಿಸಬಹುದು, ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಬಹುದು. ನೋವಿನ ಮಾತ್ರೆ ನಾನು ಹೇಳಿದಾಗ ಮಾತ್ರ, ನೀವಾಗಿಯೇ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ ಎಂದು ಗದರಿಸಿ ಫಿಸಿಯೋಥೆರಪಿಗೆ ಬರೆದುಕೊಟ್ಟರು. ಫಿಸಿಯೋಥೆರಪಿ ಇದ್ದದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲ ಮೇಲೆ ನನ್ನಂಥವರೇ ಕಂಬಿ ಹಿಡಿದು, ಹತ್ತುವವರು ಇಳಿಯುವವರನ್ನು ನೋಡುತ್ತ, ಇಳಿಯುವವರು ಹತ್ತುವವರಿಗೆ ದಾರಿ ಬಿಡುತ್ತ ನಿಂತಿದ್ದರು. ಒಬ್ಬ ಅಜ್ಜಿ ನನ್ನನ್ನು ನೋಡಿ, "ಇಷ್ಟು ಹತ್ತಿ ಬಂದ್ರೆ ಅರ್ಧ ವಾಸಿ ಆದ ಹಾಗೆ ಕಣಮ್ಮ" ಎಂದು ನಕ್ಕರು.

ಅಲ್ಲಿದ್ದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ನಾನು ಏದುಸಿರು ಬಿಡುವುದನ್ನು ನೋಡಿ ಮೊದಲ ಪಾಠವನ್ನು ಮೆಟ್ಟಿಲಿನ ಮೇಲೇ ಮಾಡಿದರು. "ಆಂಟಿ, ಹತ್ತುವಾಗ ಚೆನ್ನಾಗಿರೋ ಕಾಲು ಮೊದಲು. ಇಳಿಯುವಾಗ ನೋವಿರೋ ಕಾಲು ಮೊದಲು. ಇಷ್ಟೇ." ನನಗೆ ಎರಡು ಕಾಲೂ ನೋಯುತ್ತವಲ್ಲ ಎಂದೆ. "ಯಾವ್ದು ನಿಮ್ಮಿಂದ ಕಡಿಮೆ ಬೈಸಿಕೊಳ್ಳುತ್ತೋ ಅದೇ ಚೆನ್ನಾಗಿರೋ ಕಾಲು," ಎಂದರು.

ಅವರು ಹೇಳಿಕೊಟ್ಟದ್ದೆಲ್ಲ ಇಂಥವೇ, ಮನೆಯಲ್ಲೇ ಆಗುವಂಥವು. ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು ಒತ್ತುವುದು. ಕುರ್ಚಿಯ ಮೇಲೆ ಕೂತು ಕಾಲು ನೆಟ್ಟಗೆ ಎತ್ತಿ ಹಿಡಿಯುವುದು. ಬೆಳಗಿನ ಬಿಗಿತಕ್ಕೆ ಬಿಸಿನೀರಿನ ಶಾಖ, ಊತ ಬಂದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್. ನೆಲದ ಮೇಲೆ ಕೂರುವುದು, ಕುಕ್ಕರಗಾಲು ಎರಡೂ ಬಂದ್. ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಬೇಕು, ತರಕಾರಿ ಚೀಲವನ್ನು ಬೆರಳಿಗೆ ನೇತುಹಾಕದೆ ಮೊಣಕೈಗೆ ಹಾಕಿಕೊಳ್ಳಬೇಕು. ನೆಲಕ್ಕೆ ಕೂರದೆ ಪೆಡಿಕ್ಯೂರ್ ಮಾಡುವುದು ಹೇಗೆ ಎಂದು ನಾನು ಅಳುಮೋರೆ ಮಾಡಿದೆ. ನಮ್ಮನೆಯವರು ಬಡಗಿಯಿಂದ ಒಂದು ಗಟ್ಟಿ ಮರದ ವೇದಿಕೆ ಮಾಡಿಸಿ, ಗಿರಾಕಿಯ ಕುರ್ಚಿಯನ್ನು ಅದರ ಮೇಲೆ ಇಟ್ಟರು. ನನಗೊಂದು ಎತ್ತರದ ಸ್ಟೂಲು. ಈಗ ಗಿರಾಕಿ ಮೇಲೆ, ನಾನು ಸ್ಟೂಲಿನ ಮೇಲೆ ಬೆನ್ನು ನೆಟ್ಟಗಿಟ್ಟುಕೊಂಡು ಕೆಳಗೆ. ಅಲ್ಲಿ ಕೂತವರಿಗೆಲ್ಲ ಸಿಂಹಾಸನ ಏರಿದಂತೆ ಅನ್ನಿಸಿ, ಬರೀ ಹುಬ್ಬು ತಿದ್ದಿಸಲು ಬಂದವರೂ ಪಾದ ಚಾಚತೊಡಗಿದರು.

ಆ ಡಾಕ್ಟರ ಕೋಣೆಯಲ್ಲಿ ನಿಂತಲ್ಲೇ ತುಳಿಯುವ ಒಂದು ಸೈಕಲ್ ಇತ್ತು. ಒಂದು ದಿನ ನನ್ನನ್ನು ಅದರ ಮೇಲೆ ಕೂರಿಸಿದರು. ಎದುರಿಗೆ ಟೇಬಲ್ ಫ್ಯಾನ್ ತಿರುಗುತ್ತಿತ್ತು. ನಾನು ತುಳಿದೆ. ಮಂಡಿ ನೋಯಲಿಲ್ಲ! ನಡೆದರೆ ನೋಯುವ ಮಂಡಿ, ತುಳಿದರೆ ಸುಮ್ಮನಿತ್ತು. ಫ್ಯಾನಿನ ಗಾಳಿ ಮುಖಕ್ಕೆ ಬೀಸಿ ಸೆರಗು ಹಾರಿತು. ಎಲ್ಲಿಗೋ ಹೋಗುತ್ತಿದ್ದೇನೆ ಎಂದು ಎಷ್ಟು ಖುಷಿಯಾಯಿತೆಂದರೆ, ಅವರು ಸಾಕು ಎಂದರೂ ಇಳಿಯಲಿಲ್ಲ.

"ನಿಜವಾದ ಸೈಕಲ್ ತುಳಿದ್ರೆ?" ಎಂದು ಕೇಳಿದೆ.

"ಒಳ್ಳೇದೇ ಆಂಟಿ. ಏರಿಲ್ಲದ ರೋಡಾಗಿರಬೇಕು, ಗಾಡಿಗಳು ಓಡಾಡಬಾರದು. ಸೀಟು ಎತ್ತರ ಇರ್ಲಿ, ಪೆಡಲ್ ಕೆಳಗೆ ಹೋದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು. ಸೀಟು ತಗ್ಗಿದ್ರೆ ಮಂಡಿಗೆ ಭಾರ. ನಿಮಗೆ ಸೈಕಲ್ ಬರುತ್ತಲ್ಲ?"

"ಇಲ್ಲ," ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ನನಗೆ ಸೈಕಲ್ ಬಾರದಿರಲು ಕಾರಣ ನನ್ನ ಅಕ್ಕ. ಹೈಸ್ಕೂಲಿಗೆ ಅವಳು ಸೈಕಲ್ಲಿನಲ್ಲಿ ಹೋದವಳು, ನಾನು ಅದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹೋದವಳು. ಕಲಿಯುವ ಅಗತ್ಯವೇ ಬೀಳಲಿಲ್ಲ. ಅಕ್ಕ ಈಗ ಭದ್ರಾವತಿಯ ಕಾಗದನಗರದಲ್ಲಿದ್ದಾಳೆ. ಭಾವ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಕಾರ್ಖಾನೆ ಮುಚ್ಚಿದ ಮೇಲೂ ಕ್ವಾರ್ಟರ್ಸ್‌ನಲ್ಲೇ ಇದ್ದಾರೆ. ಅಲ್ಲಿಯ ರಸ್ತೆಗಳು ಅಗಲ, ಸಮತಟ್ಟು. ಎಷ್ಟೋ ಮನೆಗಳಿಗೆ ಬೀಗ ಬಿದ್ದು ಈಗ ಗಾಡಿಗಳ ಓಡಾಟವೂ ಕಡಿಮೆ. ಫೋನ್ ಮಾಡಿ ವಿಷಯ ಹೇಳಿದೆ.

"ಐವತ್ತಾರು ವರ್ಷಕ್ಕೆ ಸೈಕಲ್ಲೇನೆ ಮಾರಾಯ್ತಿ?" ಎಂದು ಅಕ್ಕ ಅಷ್ಟು ಜೋರಾಗಿ ನಕ್ಕಳು, ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಆಮೇಲೆ ಥಟ್ಟನೆ ದನಿ ತಗ್ಗಿಸಿ, "ಮಂಗಳವಾರ ಬಾ" ಎಂದಳು. ಮಂಗಳವಾರ ನನ್ನ ಪಾರ್ಲರಿಗೆ ರಜೆ.

ಭದ್ರಾವತಿಯ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮಂಡಿಯ ಎತ್ತರಕ್ಕಿತ್ತು. ಚೆನ್ನಾಗಿರೋ ಕಾಲು ಮೊದಲು. ಆದರೆ ಅಂದು ಚೆನ್ನಾಗಿರುವುದು ಯಾವುದು? ಎಡಗಾಲು ಎತ್ತಿದೆ, ಇಳಿಸಿದೆ, ಬಲಗಾಲು ಎತ್ತಿದೆ.

"ಯಾವ ಕಾಲು ಅಂತ ಬೇಗ ಡಿಸೈಡ್ ಮಾಡಿ ಮೇಡಂ," ಎಂದ ಕಂಡಕ್ಟರು, "ಮಾಚೇನಹಳ್ಳಿಗೆ ಡ್ಯೂಟಿಗೆ ಹೋಗೋರು ಹಿಂದೆ ಕಾಯ್ತಾ ಇದ್ದಾರೆ."

ಹಿಂದೆ ನಿಂತಿದ್ದ ಫ್ಯಾಕ್ಟರಿ ಹುಡುಗಿಯರು ಕಿಸಕ್ಕನೆ ನಕ್ಕು, ನನ್ನನ್ನು ಎರಡೂ ಕಡೆಯಿಂದ ಎತ್ತಿ ಒಳಗೆ ಹಾಕಿದರು.

ಅಕ್ಕನಿಗೂ ಕೀಲುನೋವಿದೆ ಎಂದು ಗೊತ್ತಿತ್ತು. ಅವಳದು ಬೆರಳುಗಳಲ್ಲಿ, ಜೊತೆಗೆ ಸ್ವಲ್ಪ ಮಂಡಿಯಲ್ಲಿ. ಬೆಳಗ್ಗೆ ಎದ್ದವಳೇ ಒಂದು ಬೋಗುಣಿ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಮುಳುಗಿಸಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದ ಮೇಲೆಯೇ ಹಾಲಿನ ಪ್ಯಾಕೆಟ್ ಮುಟ್ಟುವುದು. ಅಂದು ನಾನು ಬಂದದ್ದೇ ತಡ, ನನ್ನನ್ನು ಕರೆದುಕೊಂಡು ಸೀದಾ ಪೇಟೆಯ ಸೈಕಲ್ ಶಾಪಿಗೆ ಹೋದಳು. ಅಂಗಡಿಯ ಸಾಬರು ಅವಳಿಗೆ ಹಳೆಯ ಪರಿಚಯ. ನೀಲಿ ಬಣ್ಣದ ಒಂದು ಸೆಕೆಂಡ್ ಹ್ಯಾಂಡ್ ಲೇಡೀಸ್ ಸೈಕಲ್ ತೋರಿಸಿದರು. ಅಕ್ಕ ಅದನ್ನು ಹಿಂದೆ ಮುಂದೆ ನೋಡಿ, "ಇದರ ಪೆಡಲ್ ಬಿಚ್ಚಿ ಕೊಡಿ" ಎಂದಳು.

"ಪೆಡಲ್ ಬಿಚ್ಚೋದಾ?" ಎಂದರು ಸಾಬರು. "ಅಮ್ಮಾ, ಪೆಡಲ್ ಇಲ್ದಿದ್ರೆ ಅದು ಸೈಕಲ್ಲೇ ಅಲ್ಲ, ಬೆಂಚು."

"ಬೆಂಚೇ ಬೇಕು. ಮೊದ್ಲು ಇವಳು ಕಾಲಲ್ಲಿ ನೆಲ ತಳ್ಕೊಂಡು ಬ್ಯಾಲೆನ್ಸ್ ಕಲೀಲಿ. ಆಮೇಲೆ ತಂದು ಹಾಕಿಸ್ತೀವಿ. ಸೀಟನ್ನೂ ಆಗ ಮೇಲೆ ಎತ್ತಿ."

ಹ್ಯಾಂಡಲ್ಲಿಗೆ ದಪ್ಪ ಸ್ಪಂಜಿನ ಹಿಡಿ ಹಾಕಿಕೊಡಿ, ನನ್ನ ಹೆಬ್ಬೆರಳು ನೋಯುತ್ತದೆ ಎಂದೆ. ಸಾಬರು ಹಾಕಿಕೊಟ್ಟರು, ಬ್ರೇಕ್ ಸಲೀಸಾಗಿ ಕೈಗೆ ಸಿಗುವಂತೆ ಹತ್ತಿರಕ್ಕೆ ತಿರುಗಿಸಿದರು. ಬಿಚ್ಚಿದ ಪೆಡಲ್‌ಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟು, "ನಮ್ಮ ಮನೆಯವಳಿಗೂ ಮಂಡಿನೋವು. ನೀವು ಕಲಿತ ಮೇಲೆ ಹೇಳಿ, ಅವಳಿಗೂ ಒಂದು ಬೆಂಚು ಮಾಡಿಕೊಡ್ತೀನಿ" ಎಂದರು.

ಹೀಗೆ ನಾನು ಸೈಕಲ್ ಕಲಿಯತೊಡಗಿದೆ. ಚೂಡಿದಾರ್ ಹಾಕಿ, ದುಪಟ್ಟವನ್ನು ಸೊಂಟಕ್ಕೆ ಬಿಗಿದು, ಸೀಟಿನ ಮೇಲೆ ಕೂತು ಎರಡೂ ಪಾದಗಳಿಂದ ನೆಲ ತಳ್ಳುತ್ತ ಬಾತುಕೋಳಿಯಂತೆ ಸಾಗುವುದು. ಅಕ್ಕನಿಗೆ ಹಿಂದೆ ಓಡಲಾಗದು, ನಡೆದುಕೊಂಡೇ ಕೂಗುತ್ತಿದ್ದಳು. "ಮುಂದೆ ನೋಡೇ! ಚಕ್ರ ನೋಡಬೇಡ, ಚಕ್ರ ಎಲ್ಲೂ ಓಡಿಹೋಗಲ್ಲ!" ಭಾವ ಮರದ ನೆರಳಿಗೆ ಒಂದು ಕುರ್ಚಿ ತಂದು ಹಾಕಿಕೊಂಡು ಕಾಮೆಂಟರಿ ಶುರುಮಾಡಿದರು. "ಈಗ ಶಿವಮೊಗ್ಗದಿಂದ ಬಂದ ಆಟಗಾರ್ತಿ ಎಡಕ್ಕೆ ವಾಲುತ್ತಿದ್ದಾರೆ. ಇನ್ನೂ ವಾಲುತ್ತಿದ್ದಾರೆ. ವಾಲಿದರು!" ನಾನು ದಾಸವಾಳದ ಬೇಲಿಯೊಳಗೆ ಹೋಗಿ ನಿಂತೆ. ಬಿದ್ದೆ ಎನ್ನುವುದಕ್ಕಿಂತ ಬೇಲಿಗೆ ಒರಗಿಕೊಂಡೆ ಎನ್ನಬಹುದು. ಪೆಟ್ಟೇನೂ ಆಗಲಿಲ್ಲ. ಜಡೆಯಲ್ಲಿ ಒಂದು ಕೆಂಪು ಹೂ ಸಿಕ್ಕಿಕೊಂಡಿತ್ತು. ಅಕ್ಕ ನಕ್ಕು ನಕ್ಕು ಅಲ್ಲೇ ಕಲ್ಲುಕಟ್ಟೆಯ ಮೇಲೆ ಕೂತಳು. ಅವಳನ್ನು ಎಬ್ಬಿಸಲು ನಾನು ಕೈ ಕೊಟ್ಟೆ. ಅವಳ ಬೆರಳು ನೋಯಿತು, ನನ್ನ ಹೆಬ್ಬೆರಳೂ ನೋಯಿತು. "ಕೈ ಬಿಡೇ, ತೋಳು ಹಿಡಿ!" ಎಂದಳು. ಕೊನೆಗೆ ಭಾವನೇ ಎದ್ದು ಬಂದು ಇಬ್ಬರನ್ನೂ ನಿಲ್ಲಿಸಬೇಕಾಯಿತು.

ಕೆಲವು ಮಂಗಳವಾರಗಳು ಹೀಗೇ ಹೋದವು. ಒಂದು ಮಂಗಳವಾರ ನೆಲ ತಳ್ಳಿ ಕಾಲೆತ್ತಿದೆ, ಸೈಕಲ್ ತಾನಾಗಿಯೇ ಸಾಗಿತು. ಎಲೆ ಬಿದ್ದ ರಸ್ತೆ, ಚಕ್ರದ ಕೆಳಗೆ ಒಣಗೆಲೆಗಳ ಸದ್ದು, ನಾನು ಎರಡೂ ಕಾಲು ಗಾಳಿಯಲ್ಲಿಟ್ಟುಕೊಂಡು ನಾಲ್ಕು ಕ್ವಾರ್ಟರ್ಸ್ ದಾಟಿಬಿಟ್ಟಿದ್ದೆ. ಮರುವಾರ ಸಾಬರು ಪೆಡಲ್ ಹಾಕಿ, ಸೀಟು ಎತ್ತರಿಸಿ ಕೊಟ್ಟರು. ಮೊದಲ ಸಲ ಪೆಡಲ್ ತುಳಿದಾಗ ನನ್ನೊಳಗೆ ಏನೋ ಕುಣಿಯಿತು. ಒಂದು ಬೀದಿ ಮುಗಿಯಿತು, ತಿರುವು ಬಂತು, ತಿರುಗಿದೆ! ಇನ್ನೊಂದು ಬೀದಿ. ಯಾರದೋ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದರು. ಒಂದು ನಾಯಿ ಸ್ವಲ್ಪ ದೂರ ಜೊತೆಗೆ ಓಡಿತು. ಹಿಂದಿನಿಂದ ಅಕ್ಕ, "ನಿಲ್ಸೇ, ಬ್ರೇಕ್ ಹಿಡಿಯೇ!" ಎಂದು ಅರಚುತ್ತಿದ್ದಳು.

"ಬ್ರೇಕ್ ಇದೆ ಅಕ್ಕಾ," ಎಂದು ನಾನೂ ಕೂಗಿದೆ, "ಹಿಡಿಯೋಕೆ ಮನಸ್ಸಿಲ್ಲ!"

ಆ ಉತ್ಸಾಹದ ಬೆಲೆ ಬುಧವಾರ ತೆರಬೇಕಾಯಿತು. ಮಂಡಿ ಊದಿಕೊಂಡು ಬೋಂಡದಂತಾಗಿತ್ತು. ಐಸ್ ಇಟ್ಟುಕೊಂಡು, ಕಾಲು ದಿಂಬಿನ ಮೇಲಿಟ್ಟು ಕೂತೆ. ಎಲ್ಲ ಮುಗಿಯಿತು, ಸೈಕಲ್ ಮಾರಿಬಿಡುವುದೇ ಸರಿ ಎಂದು ಕಣ್ಣಲ್ಲಿ ನೀರೂ ಬಂತು. ಊತ ಇಳಿದ ಮೇಲೆ ಮೆಟ್ಟಿಲು ಹತ್ತಿ ಹೋಗಿ ಫಿಸಿಯೋ ಡಾಕ್ಟರಿಗೆ ಹೇಳಿದೆ. ಅವರು ಬೈದರು, ಆದರೆ ಬಿಡಿ ಎನ್ನಲಿಲ್ಲ. "ತುಳಿಯುವಾಗ ಸ್ವಲ್ಪ ನೋವು ಬಂದ್ರೆ ಪರವಾಗಿಲ್ಲ ಆಂಟಿ. ಮಾರನೇ ದಿನವೂ ಜಾಸ್ತಿ ನೋವಿದ್ರೆ ನೀವು ಅತಿ ಮಾಡಿದ್ದೀರಿ ಅಂತ ಅರ್ಥ. ಅರ್ಧಕ್ಕೆ ಇಳಿಸಿ. ನಿಧಾನಕ್ಕೆ ಹೆಚ್ಚಿಸಿ. ಬರೀ ಮಂಗಳವಾರ ಒಂದೇ ದಿನ ಎಲ್ಲ ತುಳಿದು ಮುಗಿಸೋದಲ್ಲ, ಮನೆಯಲ್ಲಿ ಕಾಲೆತ್ತೋ ವ್ಯಾಯಾಮ ದಿನಾ ಇರಲಿ." ತಲೆ ತಗ್ಗಿಸಿ ಕೇಳಿಸಿಕೊಂಡೆ. ಅಂದಿನಿಂದ ಬೆಳಗ್ಗೆ ಕಾಫಿ ಕುದಿಯುವುದರೊಳಗೆ ಅಡುಗೆಮನೆಯ ಕುರ್ಚಿಯ ಮೇಲೆ ಕೂತು ಕಾಲೆತ್ತತೊಡಗಿದೆ. ಪಾರ್ಲರಿನಲ್ಲಿ ಒಬ್ಬರ ಹುಬ್ಬು ಮುಗಿದ ಮೇಲೆ ಕೈಗೆ ವಿಶ್ರಾಂತಿ ಕೊಟ್ಟೇ ಮುಂದಿನವರನ್ನು ಕರೆಯುವುದು.

ಮುಂದಿನ ಸಲ ಕಾಗದನಗರಕ್ಕೆ ಹೋದಾಗ ಮನೆಯಲ್ಲಿ ಅಕ್ಕ ಇರಲಿಲ್ಲ. ಭಾವ ಬಾಗಿಲಲ್ಲಿ ನಿಂತು ಮೀಸೆಯಡಿಯಲ್ಲೇ ನಗುತ್ತಿದ್ದರು. "ಹಾಲು ತರೋಕೆ ಹೋಗಿದ್ದಾಳಮ್ಮ," ಎಂದರು. ಅವರ ಮನೆಯಲ್ಲೇ ಬಿಟ್ಟಿದ್ದ ನನ್ನ ಸೈಕಲ್ಲೂ ಇರಲಿಲ್ಲ. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಗಂಟೆ ಕೇಳಿತು. ನೈಟಿಯ ಮೇಲೆ ಭಾವನ ಸ್ವೆಟರು ತೊಟ್ಟು, ಬುಟ್ಟಿಯಲ್ಲಿ ಹಾಲಿನ ಪ್ಯಾಕೆಟ್ ಇಟ್ಟುಕೊಂಡು, ಅರವತ್ತರ ಅಂಚಿನ ನನ್ನ ಅಕ್ಕ ಹೈಸ್ಕೂಲಿಗೆ ಹೊರಟವಳಂತೆ ಬೆನ್ನು ನೆಟ್ಟಗಿಟ್ಟು ಬರುತ್ತಿದ್ದಳು. ಬೇಕೆಂದೇ ನನ್ನ ಮುಂದಿನಿಂದ ಹಾದು, ಮನೆಗೆ ಒಂದು ಸುತ್ತು ಹಾಕಿ ಬಂದು ನಿಂತಳು.

"ವಾರದಲ್ಲಿ ಆರು ದಿನ ಸುಮ್ನೆ ನಿಂತಿರುತ್ತಲ್ಲ, ತುಕ್ಕು ಹಿಡಿಯುತ್ತೆ ಅಂತ ತುಳಿದೆ," ಎಂದಳು.

"ಬೆರಳು ನೋಯಲ್ವಾ?"

"ಆ ಸ್ಪಂಜಿನ ಹಿಡಿ ಮೆತ್ತಗಿದೆ ಕಣೆ. ಬಿಗಿಯಾಗಿ ಹಿಡೀಬಾರ್ದು, ಸುಮ್ನೆ ಅಂಗೈ ಇಡಬೇಕು ಅಷ್ಟೆ."

ಎರಡೇ ವಾರಕ್ಕೆ ಸಾಬರಿಂದ ಇನ್ನೊಂದು ಸೈಕಲ್ ಬಂತು. ಅಕ್ಕ ಮುಂದೆ, ನಾನು ಹಿಂದೆ. ಬೀದಿಯ ಹೆಂಗಸರು ಮೊದಲು ನೋಡಿ ನಕ್ಕರು, ಆಮೇಲೆ ಕೈಬೀಸತೊಡಗಿದರು. ಹಪ್ಪಳದ ಹೆಂಗಸು ಒಂದು ದಿನ ಅಡ್ಡ ನಿಂತು, "ನನಗೂ ಒಂದು ರೌಂಡು ಕೊಡಿ" ಎಂದು ಕೇಳಿಯೇಬಿಟ್ಟರು.

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಕಾಲೊನಿಯವರು ಆಟೋಟ ಇಟ್ಟುಕೊಂಡರು. ಮಹಿಳೆಯರಿಗೆ ನಿಧಾನ ಸೈಕಲ್ ಸ್ಪರ್ಧೆ. ಕಾಲು ನೆಲಕ್ಕೆ ತಾಗಿಸಿದವರು ಔಟ್, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವರಿಗೆ ಬಹುಮಾನ. ಅಕ್ಕ ನನ್ನನ್ನು ಕೇಳದೆ ಇಬ್ಬರ ಹೆಸರೂ ಕೊಟ್ಟಿದ್ದಳು. "ನಮಗಿಂತ ನಿಧಾನ ಯಾರಿದ್ದಾರೆ ಹೇಳು? ಬಹುಮಾನ ನಮ್ದೇ," ಎಂದಳು. ಆದರೆ ಸೈಕಲ್ಲಿನ ಮೇಲೆ ನಿಧಾನ ಹೋಗುವುದು ಎಷ್ಟು ಕಷ್ಟ ಎಂದು ಅವಳಿಗೂ ಹೊಳೆದಿರಲಿಲ್ಲ. ನನಗೆ ಬರುತ್ತಿದ್ದದ್ದು ಎರಡೇ, ಹೋಗುವುದು ಮತ್ತು ಬೀಳುವುದು.

ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಸಾಲಾಗಿ ನಿಂತವರಲ್ಲಿ ಹೆಚ್ಚಿನವರು ಕಾಲೇಜು ಹುಡುಗಿಯರು. ಮೈಕು ಭಾವನ ಕೈಯಲ್ಲಿತ್ತು. ಸೀಟಿ ಊದಿದರು. ಪಕ್ಕದ ಹುಡುಗಿಯರು ಹ್ಯಾಂಡಲ್ ಅತ್ತಿತ್ತ ತಿರುಗಿಸುತ್ತ ನಿಂತಲ್ಲೇ ನಿಂತಂತಿದ್ದರು. ನಾನು ಒಂದು ತುಳಿದೆ, ಸೈಕಲ್ ವಾಲಿತು. ವಾಲಿದರೆ ತುಳಿಯಬೇಕು ಎಂದು ಅಕ್ಕನೇ ಕಲಿಸಿದ್ದಲ್ಲವೇ, ತುಳಿದೆ. ಇನ್ನೂ ತುಳಿದೆ. ಜನ ಎದ್ದು ನಿಂತು "ನಿಧಾನ! ನಿಧಾನ!" ಎಂದು ಕೂಗತೊಡಗಿದರು. ಮುದುಕಿ ಬಿದ್ದಾಳು ಎಂಬ ಕಾಳಜಿ ಇರಬೇಕು ಎಂದುಕೊಂಡು, ನನಗೇನೂ ಆಗಿಲ್ಲ ಎಂದು ತೋರಿಸಲು ಒಂದು ಕೈ ಬಿಟ್ಟು ಬೀಸಿದೆ. ಒಂಟಿ ಕೈಯಲ್ಲಿ ಸೈಕಲ್ ಹೊಡೆದದ್ದು ಅದೇ ಮೊದಲು! ಬಾಣದಂತೆ ಹೋಗಿ ಆ ಕಡೆಯ ಗೆರೆ ದಾಟಿ, ಶಾಮಿಯಾನದ ಬಳಿ ಬ್ರೇಕ್ ಹಿಡಿದು, ಕಾಲೂರಿ ತಿರುಗಿ ನೋಡಿದರೆ ನನ್ನ ಹಿಂದೆ ಯಾರೂ ಇರಲಿಲ್ಲ. ಎಲ್ಲರೂ ಇನ್ನೂ ಶುರುವಾದಲ್ಲೇ ಇದ್ದರು.

"ನಮ್ಮ ನಾದಿನಿ ಎಲ್ಲರಿಗಿಂತ ಮೊದಲು ಬಂದಿದ್ದಾರೆ," ಎಂದಿತು ಭಾವನ ಮೈಕು, "ಆದ್ದರಿಂದ ಅವರು ಕೊನೆಯವರು!"

ಅಕ್ಕ ನಿಜಕ್ಕೂ ಚೆನ್ನಾಗಿ ಆಡುತ್ತಿದ್ದಳು. ಆದರೆ ನಾನು ಕೈಬೀಸುತ್ತ ಹಾರಿಹೋದದ್ದನ್ನು ನೋಡಿ ನಗು ಉಕ್ಕಿ, ಹ್ಯಾಂಡಲ್ ನಡುಗಿ ಕಾಲೂರಿಬಿಟ್ಟಳು. ಅವಳೂ ಔಟ್. ಗೆದ್ದದ್ದು ಕನ್ನಡಕದ ಒಬ್ಬ ಹುಡುಗಿ. ನಾನು ಮಾತ್ರ ಗೆದ್ದವರಂತೆ ಮೈದಾನಕ್ಕೆ ಇನ್ನೊಂದು ಸುತ್ತು ಹಾಕಿದೆ, ಯಾರೂ ತಡೆಯಲಿಲ್ಲ.

ಹಿರಿಯ ಸ್ಪರ್ಧಿಗಳೆಂದು ನಮ್ಮಿಬ್ಬರನ್ನೂ ವೇದಿಕೆಗೆ ಕರೆದು, ಸಮಾಧಾನಕರ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಒಳಗೆ ಕಡಲೆಮಿಠಾಯಿ ಇದೆ ಎಂದರು. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ತೆರೆಯಲು ನೋಡಿದೆವು. ಮುಚ್ಚಳ ಕಚ್ಚಿಕೊಂಡಿತ್ತು. ನನ್ನ ಹೆಬ್ಬೆರಳಿಗೆ ಅದು ಬಗ್ಗಲಿಲ್ಲ, ಅಕ್ಕನ ಬೆರಳುಗಳ ಬಗ್ಗೆ ಕೇಳುವುದೇ ಬೇಡ. ಭಾವ ತಮ್ಮ ಭುಜದ ನೋವಿನ ಕತೆ ತೆಗೆದರು.

"ಕೀಲುನೋವಿನವರಿಗೆ ಕೊಡೋ ಬಹುಮಾನವೇನೆ ಇದು?" ಎಂದಳು ಅಕ್ಕ. ಮತ್ತೆ ನಗು. ಕೊನೆಗೆ ಸೈಕಲ್ಲಿನ ಒಂದು ಸ್ಪಂಜಿನ ಹಿಡಿ ಕಿತ್ತು ಮುಚ್ಚಳದ ಸುತ್ತ ಒತ್ತಿ, ಬೆರಳು ಬಳಸದೆ ಇಬ್ಬರ ಅಂಗೈಗಳಿಂದ ತಿರುಗಿಸಿದೆವು. ಮುಚ್ಚಳ ಪಟಾರೆಂದು ಹಾರಿತು, ಮಿಠಾಯಿಗಳು ಭಾವನ ಮಡಿಲಿಗೆ ಬಿದ್ದವು.

ನನ್ನ ಮಂಡಿ ವಾಸಿಯಾಗಿಲ್ಲ. ಮೋಡ ಕವಿದ ದಿನ ಗೊಣಗುತ್ತದೆ. ಮುಂದೊಂದು ದಿನ ಆಪರೇಷನ್ ಬೇಕಾಗಬಹುದು ಎಂದು ಡಾಕ್ಟರು ಹೇಳಿಯೂ ಇದ್ದಾರೆ, ಆಗ ನೋಡೋಣ. ಈಗ ಎರಡನೇ ಮಹಡಿಯವರೆಗೆ ಕಂಬಿ ಹಿಡಿಯದೆ ಹತ್ತುತ್ತೇನೆ, ಭದ್ರಾವತಿ ಬಸ್ಸನ್ನು ಯಾರೂ ಎತ್ತಿ ಹಾಕದೆ ಏರುತ್ತೇನೆ. ಹಪ್ಪಳದ ಹೆಂಗಸು, ಸಾಬರ ಹೆಂಡತಿ ಇಬ್ಬರೂ ಪೆಡಲ್ ಇಲ್ಲದ ಸೈಕಲ್ ತಳ್ಳುತ್ತಿದ್ದಾರೆ. ಈ ಮಂಗಳವಾರ ನಾಲ್ಕು ಜನವೂ ಸೇರಿ ಕಾರ್ಖಾನೆಯ ಗೇಟಿನವರೆಗೆ ಹೋಗಿಬರೋಣ ಎಂದು ಅಕ್ಕ ಫೋನ್ ಮಾಡಿದ್ದಾಳೆ. ಅಲ್ಲಿ ಮೆಣಸಿನಕಾಯಿ ಬಜ್ಜಿಯ ಖರ್ಚು ಅವಳದಂತೆ.